ರಂಕಾಳದ ಬಸವಣ್ಣನಿಗೆ ಹಿಡಿದ ದಾರ

ಹೋದ ವಾರ ಊಟಕ್ಕೆ ಕುಳಿತಾಗ ನೀವು ಕೊಲ್ಹಾಪುರಕ್ಕೆ ಹೋಗುವ ಮಾತು ತೆಗೆದಿರಿ. ಮೊಬೈಲಿನಲ್ಲಿ ರಂಕಾಳ ಕೆರೆಯ ಚಿತ್ರ ತೋರಿಸಿ, "ಅಜ್ಜಿ, ನಿನಗ ಅಲ್ಲಿಂದ ಏನ್ ತರೂಣು?" ಎಂದು ಕೇಳಿದಿರಿ. "ಏನೂ ಬ್ಯಾಡ್ರವಾ" ಎಂದೆ. ಬೇಕಾದದ್ದು ಒಂದಿತ್ತು. ಎದುರಿಗೆ ಹೇಳಲು ನಾಲಿಗೆ ಏಳಲಿಲ್ಲ; ಅದಕ್ಕೇ ಬರೆಯುತ್ತಿದ್ದೇನೆ.

ಆ ಕೆರೆಯ ದಂಡೆಯ ಗುಡಿಯಲ್ಲಿ ಕಲ್ಲಿನ ದೊಡ್ಡ ಬಸವಣ್ಣ ಇದ್ದಾನೆ. ವರ್ಷಕ್ಕೆ ಗೋಧಿ ಕಾಳಿನಷ್ಟು ಮುಂದೆ ಸರಿಯುತ್ತಾನೆ, ಅಕ್ಕಿ ಕಾಳಿನಷ್ಟು ಹಿಂದೆ ಹೋಗುತ್ತಾನೆ ಎಂದು ಆ ಕಡೆಯ ಜನರ ಮಾತು. ಗಡಹಿಂಗ್ಲಜದ ಹತ್ತಿರದ ನೂಲ ನನ್ನ ತವರು. ನಮ್ಮದು ಕುರಿ ಸಾಕುವ ಮನೆ. ಕಂಬಳಿ ಮಾರಲು ಅಪ್ಪ ಕೊಲ್ಹಾಪುರಕ್ಕೆ ಹೊರಟರೆ ಒಮ್ಮೊಮ್ಮೆ ನನ್ನನ್ನೂ ಎಸ್.ಟಿ. ಬಸ್ಸು ಹತ್ತಿಸುತ್ತಿದ್ದ. ಹಾಗೆ ಒಮ್ಮೆ ಹೋದಾಗ ಬಸವಣ್ಣನ ಮುಂದೆ ನಿಂತು ಅಪ್ಪನನ್ನು ಕೇಳಿದೆ: ಗೋಧಿ ಕಾಳು ಉದ್ದಕ್ಕೆ ಇಟ್ಟೋ, ಅಡ್ಡಕ್ಕೆ ಇಟ್ಟೋ? ಕಲ್ಲು ಸರಿಯುವುದನ್ನು ನೋಡಿದವರು ಯಾರು?

"ನೋಡಿದವ್ರ ಯಾರೂ ಇಲ್ಲ, ಹೇಳಾವ್ರ ಎಲ್ಲಾರೂ" ಎಂದು ಅಪ್ಪ ನಕ್ಕ. "ನೀನ ಅಳದ ನೋಡವಾ."

ಅಪ್ಪನ ಹೆಗಲ ಚೀಲದಲ್ಲಿ ಕುರಿ ಕಾಯುತ್ತ ನೂತ ಉಣ್ಣೆಯ ಉಂಡೆ ಯಾವಾಗಲೂ ಇರುತ್ತಿತ್ತು. ಗುಡಿಯ ಹೊಸ್ತಿಲಿಂದ ಬಸವಣ್ಣನ ಮಡಚಿದ ಮುಂಗಾಲಿನವರೆಗೆ ದಾರ ಹಿಡಿದೆವು. ಒಂದು ತುದಿ ಅವನು, ಒಂದು ತುದಿ ನಾನು. ಆ ತುಂಡನ್ನು ಕುಂಕುಮದ ಡಬ್ಬಿಯಲ್ಲಿ ಇಟ್ಟುಕೊಂಡೆ.

ಮದುವೆಯಾಗಿ ಇಚಲಕರಂಜಿಗೆ ಬಂದಾಗ ಆ ಡಬ್ಬಿಯೂ ಬಂತು. ನಿಮ್ಮ ಅಜ್ಜ ಪವರ್‌ಲೂಮಿನಲ್ಲಿ ದುಡಿಯುತ್ತಿದ್ದರು. ಓಣಿಯ ಮಗ್ಗಗಳ ಖಡಖಡದಲ್ಲಿ ನನ್ನ ಸಣ್ಣ ದನಿ ಯಾರಿಗೂ ಕೇಳುತ್ತಿರಲಿಲ್ಲ; ನನಗೂ ಅದೇ ಅನುಕೂಲವಾಗಿತ್ತು. ಒಂದು ರಜೆಯ ದಿನ ಎಲ್ಲಿಗೆ ಹೋಗೋಣ ಎಂದು ಅವರು ಕೇಳಿದರೆ ರಂಕಾಳ ಎಂದೆ. ಭೇಳ್ ತಿನ್ನುವ ಆಸೆ ಎಂದುಕೊಂಡರು, ಪಾಪ. ಗುಡಿಯಲ್ಲಿ ನಾನು ದಾರ ತೆಗೆದಾಗ ನನ್ನ ಮುಖವನ್ನೇ ನೋಡಿದರು. ಹಿಡಿದು ನೋಡಿದರೆ ದಾರವೇ ನಾಲ್ಕು ಬೆರಳು ಹೆಚ್ಚಾಗಿತ್ತು.

"ಬಂದಾನ್ರಿ! ನಾಕ್ ಬಟ್ಟ ಬಂದಾನ!" ಎಂದು ಕೂಗಿಬಿಟ್ಟೆ. ಅಷ್ಟು ಗಟ್ಟಿಯಾಗಿ ನಾನು ಮತ್ತೆಂದೂ ಕೂಗಿಲ್ಲ. ಬಾಗಿಲಲ್ಲಿ ಹೂವು ಮಾರುವವಳು "ಕೋಣ್ ಆಲಾ?", ಯಾರು ಬಂದರು ಎಂದು ಮರಾಠಿಯಲ್ಲಿ ಕೇಳುತ್ತ ಎದ್ದೇ ನಿಂತಳು, ಯಾರೋ ದೊಡ್ಡವರು ಬಂದರೆಂದು.

ನಿಮ್ಮ ಅಜ್ಜ ದಾರವನ್ನು ಬೆರಳಿಗೆ ಸುತ್ತಿ ಜಗ್ಗಿ ನೋಡಿದರು. "ಕುರ್‍ಯಾಗ ಬೆಳದಾಕಿ, ಇಷ್ಟೂ ತಿಳೀಲಿಲ್ಲೇನ? ದೇವ್ರ ಬಂದಿಲ್ಲ, ನಿಮ್ಮಪ್ಪನ ಉಣ್ಣಿ ಜಗ್ಗೈತಿ."

"ನಿಮ್ಮ ಹತ್ತಿ ದಾರ ಜಗ್ಗಂಗಿಲ್ಲೇನ್ರಿ?"

"ಅದು ಮಗ್ಗದ್ದು. ನಮ್ಮ ಸೇಠನಂಗ, ಒಂದ್ ಬಟ್ಟನೂ ಬಿಟ್ಟ ಕೊಡಂಗಿಲ್ಲ!"

ಹರಿದ ಎಳೆಗೆ ಗಂಟು ಹಾಕಲು ಮಗ್ಗದವರ ಕಿಸೆಯಲ್ಲಿ ದಾರ ಇದ್ದೇ ಇರುತ್ತದೆ. ಅದನ್ನೇ ಹೊಸೆದು, ಮತ್ತೆ ಅಳೆದು, ತುದಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಂಟು ಹಾಕಿ ಕೊಟ್ಟರು. "ಬರೂ ವರ್ಷ ನೋಡೂಣು" ಎಂದರು.

ಆ 'ಬರೂ ವರ್ಷ' ಮನೆಯಲ್ಲಿ ತೊಟ್ಟಿಲು ಕಟ್ಟಿದೆವು. ಆಮೇಲೆ ಪಾಳಿಯ ಮೇಲೆ ಪಾಳಿ. ಅವರು ತೀರಿಕೊಂಡ ಮೇಲೆ ನಾನು ನಿಮ್ಮ ಜೊತೆ ಧಾರವಾಡಕ್ಕೆ ಬಂದೆ. ಅವರು ಹೊಸೆದ ದಾರ ಇನ್ನೂ ಡಬ್ಬಿಯಲ್ಲಿದೆ.

ಬಸವಣ್ಣ ಈಗ ಎಲ್ಲಿಗೆ ಬಂದಿರಬಹುದು? ಗುಡಿಗೆ ಹೊಸ ಹೊಸ್ತಿಲು ಕೂಡಿಸಿದ್ದರೆ ಲೆಕ್ಕ ಹೇಗೆ? ಇಷ್ಟು ವರ್ಷದಲ್ಲಿ ಹತ್ತಿಯೂ ಕುಗ್ಗಿದ್ದರೆ? ಅವನು ಸರಿಯದಿದ್ದರೂ ನನಗೆ ಬೇಸರವಿಲ್ಲ. ತಿಳಿಯಬೇಕು, ಅಷ್ಟೇ.

ದಾರ ನಿಮ್ಮ ಕೈಗೆ ಕೊಟ್ಟು ಅಳೆದು ಬನ್ನಿ ಎನ್ನೋಣ ಎಂದು ಬರೆಯಲು ಕುಳಿತೆ. ಬರೆಯುತ್ತ ಮನಸ್ಸು ಬದಲಾಯಿತು. ಗಾಡಿಯಲ್ಲಿ ನನಗೂ ಒಂದು ಜಾಗ ಇಡಿ. ಗಂಟಿರುವ ತುದಿ ನಾನು ಹಿಡಿಯುತ್ತೇನೆ. ಇನ್ನೊಂದು ತುದಿ ಯಾರದು ಎಂದು ಗುಡಿಯಲ್ಲಿ ಜಗಳಾಡಬೇಡಿ, ಮನೆಯಲ್ಲೇ ಗೊತ್ತು ಮಾಡಿಕೊಳ್ಳಿ.