ಬೆಳಗಿನ ಹಾಸ್ಯಕ್ಕೆ ಬೆಟಗೇರಿಯ ತೀರ್ಪು

ಗದಗಿನ ನಮ್ಮ ಪುಟ್ಟ ರೇಡಿಯೊ ಕೇಂದ್ರಕ್ಕೆ ಹಾಸ್ಯ ನಾಟಕ ಬರೆಯುವವರೊಬ್ಬರು ನಿರೂಪಕರಾಗಿ ಬಂದು ತಿಂಗಳಾಗಿತ್ತು. ಅವರನ್ನು ಮುಂದುವರಿಸಬೇಕೋ ಬಿಡಬೇಕೋ ಎಂದು ಹೇಳುವ ಕೆಲಸ ನನ್ನ ಪಾಲಿಗೆ ಬಂತು. "ನೀ ನಗೂದ ಕಡಿಮಿ, ನೀನ ಖರೆ ಹೇಳ್ತಿ" ಎಂದರು ನಮ್ಮ ಮ್ಯಾನೇಜರ್.

ಆಫೀಸಿನವರು ಅವರೆದುರು ನಗುವುದನ್ನು ನಾನು ನಂಬಲಿಲ್ಲ. ಒಂದು ಬೆಳಿಗ್ಗೆ ಅವರ ಕಾರ್ಯಕ್ರಮದ ಹೊತ್ತಿಗೆ ಬೆಟಗೇರಿಯಲ್ಲಿ ಶಾಂತಕ್ಕ ನಡೆಸುವ ರೊಟ್ಟಿ ಅಂಗಡಿಗೆ ಹೋಗಿ ಕೂತೆ. ಆರು ಹೆಂಗಸರು ರೇಡಿಯೊ ಹಚ್ಚಿಕೊಂಡು ರೊಟ್ಟಿ ಬಡಿಯುತ್ತಿದ್ದರು. ಪ್ರತಿ ಜೋಕಿಗೂ ನಕ್ಕರು. ಕೈ ಮಾತ್ರ ಪಟಪಟ ನಡೆದೇ ಇತ್ತು.

"ಚಲೋ ಹೇಳ್ತಾರಲ್ರೀ?" ಎಂದೆ.

"ನಗೂದಕ್ಕೇನವ್ವಾ, ಬಾಯಿ ಖಾಲಿನ ಐತಿ," ಎಂದರು ಶಾಂತಕ್ಕ. "ಕೈ ನಿಂತ್ರ ಖರೆ ನಗಿ ಬಂತು ಅಂತ ತಿಳಿ."

ಅಷ್ಟರಲ್ಲಿ ನಿರೂಪಕರು ತಡವರಿಸಿದರು. "ಮುಂದಿನ ಹಾಳಿ ಮನ್ಯಾಗ ಬಿಟ್ಟು ಬಂದೀನ್ರಿ. ನಮ್ಮನಿಯವ್ರು ಕೇಳಾಕತ್ತಿದ್ರ ಫೋನ್ ಹಚ್ಚಿ ಓದಿ ಹೇಳಲಿ."

ಒಂದು ಹಾಡು ಮುಗಿಯುವಷ್ಟರಲ್ಲಿ ಫೋನ್ ಬಂದೇಬಿಟ್ಟಿತು. "ಹಾಳಿ ಸಿಕ್ತ್ರಿ. ಪೂರ್ತಿ ಓದೀನಿ. ಅದು ಇಲ್ದನ ನಡಸ್ರಿ" ಎಂದಿತು ಹೆಣ್ಣು ದನಿ.

"ಕೇಳಿದ್ರಲ್ರೀ?" ಎಂದರು ನಿರೂಪಕರು. "ಲವ್ ಮ್ಯಾರೇಜ್ ರೀ ನಮ್ದು."

ಆರು ಹೆಂಗಸರ ಕೈಗಳೂ ನಿಂತವು. ಒಬ್ಬಾಕೆ ಹಿಟ್ಟಿನ ಕೈಯಲ್ಲೇ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹಂಚಿನ ಮೇಲೆ ರೊಟ್ಟಿ ಹೊತ್ತಿದ ವಾಸನೆ ಬಂದಾಗಲೇ ಎಲ್ಲರಿಗೂ ಎಚ್ಚರವಾದದ್ದು.

"ಖಂಡಿತ ಮುಂದುವರಿಸಿ" ಎಂದು ಬರೆದುಕೊಟ್ಟೆ. ಅವರ ಕೆಲಸ ಉಳಿಯಿತು. ನಗಿಸಿದ್ದು ಅವರೋ ಅವರ ಹೆಂಡತಿಯೋ ಎಂದು ಯಾರೂ ನನ್ನನ್ನು ಕೇಳಲಿಲ್ಲ. ಕೇಳದೆ ಹೇಳುವ ಅಭ್ಯಾಸ ನನಗಿಲ್ಲ.