ದೀಪ ಹಚ್ಚಿದ ಮೇಲೆ ಸೂಜಿ

ಯುದ್ಧದ ಕಾಲ. ನನ್ನ ಹಳೇ ಹೊಲಿಗೆ ಕೈಮಿಷನ್ನಿಗೆ ಬುಡ ದುಂಡಗಿರೋ ಸೂಜಿಯೇ ಆಗಬೇಕು. ಅಂಗಡಿಗಳಲ್ಲಿ ಸಿಗುತ್ತಿದ್ದುದೆಲ್ಲ ಚಪ್ಪಟೆ ಬುಡದ್ದು. ಬೆಳಗಾದರೆ ಪಕ್ಕದ ಮನೆಯಲ್ಲಿ ಮದುವೆ, ಇದ್ದ ಒಂದೇ ಸೂಜಿ ಮುರಿದು ಹೆಣ್ಣಿನ ರವಿಕೆ ಅರ್ಧಕ್ಕೇ ನಿಂತಿತ್ತು. ಹಾಕಿ ನೋಡೇ ತರೋಣ ಅಂತ ಮಿಷನ್ನನ್ನೇ ಹೊತ್ತುಕೊಂಡು ದೊಡ್ಡಬಳ್ಳಾಪುರಕ್ಕೆ ಹೋದೆ.

ಶೆಟ್ಟರ ಅಂಗಡಿಯಲ್ಲಿ ಆ ಸೂಜಿ ಇತ್ತು. ಆದರೆ ಆಗಲೇ ದೀಪ ಹಚ್ಚಿದ್ದರು.

"ಈ ಹೊತ್ತಲ್ಲಿ ಸೂಜಿ ಕೊಟ್ರೆ ಲಕ್ಷ್ಮಿ ಹೋಗ್ತಾಳಪ್ಪ. ಬೆಳಿಗ್ಗೆ ಬಾ," ಅಂದರು.

"ನನ್ನ ಕೈಗೆ ಕೊಡಬೇಡಿ ಶೆಟ್ರೇ. ನೀವೇ ಮಿಷನ್ನಿಗೆ ಹಾಕ್ಬಿಡಿ. ನಾನು ನನ್ನ ಮಿಷನ್ ತಗೊಂಡು ಹೋಗ್ತೀನಿ."

ಶೆಟ್ಟರು ಸ್ವಲ್ಪ ಯೋಚಿಸಿ, ಸೂಜಿ ಹಾಕಿ ತಿರುಪು ಬಿಗಿದರು. ಅಷ್ಟರಲ್ಲಿ ಅವರ ಹೆಂಡತಿ ಒಳಗಿಂದ ಹರಿದ ದಿಂಬಿನ ಗವಸು ತಂದು ನನ್ನ ಮುಂದಿಟ್ಟರು. "ಸೂಜಿ ಸರಿಯಾಗಿ ಕೂತಿದೆಯಾ ನೋಡ್ಬಿಡಪ್ಪ."

ಹೊತ್ತು ಮೀರಿದ್ದು ಸೂಜಿ ಕೊಡೋದಕ್ಕೆ ಮಾತ್ರ, ಹೊಲಿಸಿಕೊಳ್ಳೋದಕ್ಕಲ್ಲ.