ನಾದಿನಿ ಮತ್ತು ಕಪ್ಪೆಯ ಕಣ್ಣು

ನಿನ್ನೆ ಔಷಧದ ಅಂಗಡಿಯವನು ಮೀನೆಣ್ಣೆಯ ಗುಳಿಗೆ ಕೊಟ್ಟ. ಮೂಗಿನ ಹತ್ತಿರ ಹಿಡಿದರೆ ವಾಸನೆಯೇ ಇಲ್ಲ! ನಮ್ಮ ಕಾಲದಲ್ಲಿ ಬಿರಡೆ ತೆಗೆದರೆ ಓಣಿಗೆಲ್ಲ ಗೊತ್ತಾಗುತ್ತಿತ್ತು. ಇಳಕಲ್ಲಿನ ನಮ್ಮಂಥ ಲಿಂಗವಂತರ ಮನೆಗೆ ಮೀನೆಣ್ಣೆ ಹೇಗೆ ಬಂತು ಅಂತೀರಾ? ಹೇಳುತ್ತೇನೆ.

ಐವತ್ತರ ದಶಕ. ನಾನು ಹೊಸ ಸೊಸೆ, ಬಸುರಿ. ತಿಂದದ್ದೆಲ್ಲ ವಾಂತಿ, ಗಂಜಿ ಕುಡಿದೇ ದಿನ ದೂಡುತ್ತಿದ್ದೆ. ಆಗಲೇ, ಹೊತ್ತು ಮುಳುಗಿದರೆ ಕಣ್ಣು ಕಾಣದಾಯಿತು. ಯಾರಿಗೂ ಹೇಳದೆ ಗೋಡೆ ಸವರಿಕೊಂಡು ಅಡ್ಡಾಡಿದೆ. ಒಮ್ಮೆ ಹಗ್ಗದ ಮೇಲೆ ಒಣಹಾಕಿದ್ದ ಧೋತರವನ್ನೇ ಮಾವನವರೆಂದು ತಿಳಿದು, ತಲೆಗೆ ಸೆರಗೆಳೆದುಕೊಂಡು, ಅವರು ಹೋಗಲಿ ಎಂದು ಕಾದದ್ದೇ ಕಾದದ್ದು! ನಿಮಗೆ ನಗು ಬಂದೀತು, ನನಗೆ ಬರಲಿಲ್ಲ. ಬಾದಾಮಿಯ ನನ್ನ ಸೋದರಮಾವನಿಗೂ ಮೊದಲು ಸಂಜೆ ಮಂಕಾಗಿ, ಆಮೇಲೆ ಹಗಲೂ ಹೋಗಿತ್ತು. ಅದೇ ರೋಗ ನನಗೂ ಹತ್ತಿದರೆ, ಹೊಟ್ಟೆಯ ಕೂಸಿಗೂ ತಪ್ಪದು ಎಂದು ಜೀವ ಹಿಡಿ ಮಾಡಿಕೊಂಡಿದ್ದೆ.

ಆ ರಜೆಗೆ ಮುಂಬಯಿಯಿಂದ ನಾದಿನಿ ಬಂದರು, ನನ್ನ ಗಂಡನ ಅಕ್ಕ. ಮದುವೆ ಒಲ್ಲೆನೆಂದು ಜೀವಕೋಶಗಳ ಸಂಶೋಧನೆಗೆ ಹೋದವರು. ಕಪ್ಪೆಯ ಕಣ್ಣು ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡುವುದು ಅವರ ಕೆಲಸ. ಅದಕ್ಕೇ ಬಂದೊಡನೆ ಅತ್ತೆ, "ಮೊದ್ಲ ಜಳಕಾ ಮಾಡು, ಆಮ್ಯಾಲ ಅಡಗಿಮನಿ" ಎನ್ನುತ್ತಿದ್ದರು.

ಒಂದು ಮುಸ್ಸಂಜೆ ನಾದಿನಿ ನನ್ನೆದುರೇ ಚಹಾ ಹಿಡಿದು ನಿಂತಿದ್ದರಂತೆ. ನಾನು ಹಾಯ್ದು ಎಲ್ಲ ಚೆಲ್ಲಿದೆ.

"ತಂಗೀ, ನಾ ಕಾಣಲಿಲ್ಲೇನು ನಿನಗ?"

ಅಳುತ್ತ ಎಲ್ಲ ಹೇಳಿದೆ. ಅವರು ನನ್ನ ಕೈ ಹಿಡಿದು ಕೂರಿಸಿಕೊಂಡರು.

"ಕಣ್ಣಿನ ಹಿಂದ ಬೆಳಕು ಹಿಡಿಯೋ ಕೋಶ ಇರತಾವ. ಒಂದೊಂದರಾಗೂ ಮೊದ್ಲ ಕೂದಲಿನಂಥ ಸಣ್ಣ ಎಳಿ ಹುಟ್ಟತೈತಿ, ಸಿಲಿಯಾ ಅಂತೀವಿ. ಅದರ ತುದಿನ ಬೆಳದು ಬೆಳಕು ಹಿಡೀತೈತಿ. ಅದು ಹೆಂಗ ಹುಟ್ಟತೈತಿ ಅನ್ನೋದ ನನ್ನ ಕೆಲಸ. ಕೋಶನ ಸಾಯಾಕತ್ತಿದ್ರ ನಮ್ಮ ಕೈಯಾಗ ಇನ್ನೂ ಏನೂ ಇಲ್ಲ. ಅದಕ್ಕ ಊಟ ಕಡಿಮಿ ಬಿದ್ದಿದ್ರ ಭಾಳ ಸುಲಭ. ಯಾವುದಂತ ಡಾಕ್ಟರ್ ಹೇಳಬೇಕು. ನಾಳೆ ಬಾಗಲಕೋಟಿಗೆ ಹೋಗೂಣು."

ಅಮೀನಗಡದಲ್ಲಿ ಬಸ್ಸು ನಿಂತಾಗ ಅಂಟು-ಬೆಲ್ಲದ ಕರದಂಟು ಕೊಡಿಸಿದರು. ನಾನು ತಿನ್ನದೆ ಸೆರಗಿಗೆ ಕಟ್ಟಿಕೊಂಡೆ. ದವಾಖಾನೆಯಲ್ಲಿ ಡಾಕ್ಟರು ಕಿಟಕಿ ಮುಚ್ಚಿ, ಕಣ್ಣಿಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು.

"ಒಳಗಿನ ಪರದೆ ಸ್ವಚ್ಛ ಐತ್ರಿ. ನಿಮ್ಮ ಸೋದರಮಾವನ ರೋಗ ಅಲ್ಲ ಇದು. ಊಟ ಇಲ್ದ ಜೀವಸತ್ವ ಕಡಿಮಿ ಆಗೇತಿ. ಮೀನೆಣ್ಣಿ ಬರದು ಕೊಡ್ತೇನಿ."

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಕರದಂಟನ್ನೆಲ್ಲ ತಿಂದೆ. ನಾದಿನಿ ನಗುತ್ತ ತಮ್ಮ ಪಾಲನ್ನೂ ಕೊಟ್ಟರು.

ಅತ್ತೆ ಬಾಟಲಿಯನ್ನು ದನದ ಕೊಟ್ಟಿಗೆಯಲ್ಲಿ ಇಡಿಸಿದರು. ಆದರೆ ಮುಂಜಾನೆ ತಾವೇ ಮೂಗು ಮುಚ್ಚಿಕೊಂಡು ಚಮಚ ಹಿಡಿದು ಬರುತ್ತಿದ್ದರು: "ಲಗೂನ ನುಂಗವ್ವ, ನಾ ಇನ್ನೂ ಪೂಜಾ ಮಾಡಬೇಕು." ಕೆಲವೇ ವಾರಗಳಲ್ಲಿ, ಒಂದು ಮುಸ್ಸಂಜೆ, ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಅತ್ತೆಯ ಕೈಬಳೆ ಕಂಡವು. ಕೂಗಿಯೇಬಿಟ್ಟೆ.

ರಜೆ ಮುಗಿಯುವ ಮೊದಲು ನಾದಿನಿ ಬಾದಾಮಿಗೂ ಹೋಗಿ ಬಂದರು. "ಆ ಎಣ್ಣಿ ನನಗೂ ಆದೀತೇನವ್ವ?" ಎಂದು ಸೋದರಮಾವ ಕೇಳಿದನಂತೆ.

"ಇಲ್ರಿ ಮಾಮಾ. ಸುಳ್ಳು ಹೇಳಾಕ ಒಲ್ಲೆ. ಹುಡುಕಾಕತ್ತೀವಿ."

"ಹುಡುಕವ್ವ. ಮುಂದ ಬರೋರಿಗರ ಆಗ್ಲಿ."

ನಾದಿನಿ ಮುಂಬಯಿಯ ಕಪ್ಪೆಗಳ ಬಳಿಗೆ ಮರಳಿದರು.

ಅಂದಿನಿಂದ ಹೊತ್ತು ಮುಳುಗುವ ಮೊದಲೇ ದೀಪ ಹಾಕುವ ಚಟ ನನಗೆ ಅಂಟಿಕೊಂಡಿತು. ನಿನ್ನೆ ಇದನ್ನೆಲ್ಲ ನೆನೆಯುತ್ತ ಕೂತು ಮರೆತೇಬಿಟ್ಟೆ. ಅಂದು ಹೊಟ್ಟೆಯಲ್ಲಿದ್ದ ಮಗ ಬಂದು, "ಕತ್ತಲದಾಗ ಯಾಕ ಕುಂತೀಯವ್ವ? ಲೈಟ್ ಹಾಕ್ಲೇನು?" ಎಂದ. ಆ ಮಬ್ಬಿನಲ್ಲೂ ಅವನ ಕಿವಿಯ ಮೇಲಿನ ನರೆಗೂದಲು ನನಗೆ ಕಾಣುತ್ತಿತ್ತು.

"ಬ್ಯಾಡ. ಇನ್ನೊಂಚೂರು ಹಿಂಗ ಇರ್ಲಿ, ಕುಂದ್ರು" ಎಂದೆ.